ತಂಬಾಕಿನ ಬಗಲಕುಡಿ, ಅವ್ವನ ಪಿತ್ತ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ರಜೆಯಲ್ಲೆಲ್ಲ ಕೂಲಿಗೆ ಹೋಗಿ ಓದಿದ್ದೇನೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಅವ್ವನ ವಾಂತಿಯನ್ನು ಮಾತ್ರ ಆ ಓದಿನಿಂದ ನಿಲ್ಲಿಸಲಾಗಲಿಲ್ಲ.

ದುಂಡಸಿ ಹತ್ತಿರದ ನಮ್ಮ ಹೊಲದಲ್ಲಿ ತಂಬಾಕು. ಗಿಡದ ತುದಿ ಮುರಿದರೆ ಎಲೆ ದಪ್ಪವಾಗುತ್ತದೆ. ಆದರೆ ಮುರಿದದ್ದೇ ತಡ, ಎಲೆ ಎಲೆಯ ಬುಡದಲ್ಲೂ ಬಗಲಕುಡಿ ಒಡೆದು ಸತ್ವ ಹೀರುತ್ತದೆ. ಅದನ್ನು ಚಿವುಟುವುದು ಹೆಂಗಸರ ಪಾಲಿನ ಕೆಲಸ. ತಂಪಿನಲ್ಲಿ ಕುಡಿ ಪಟ್ಟನೆ ಮುರಿಯುತ್ತದೆಂದು ಇಬ್ಬನಿ ಆರುವ ಮೊದಲೇ ಸಾಲಿಗೆ ಇಳಿಯುತ್ತಾರೆ. ಸೀರೆ ತೊಯ್ಸಿಕೊಂಡು, ಕೈಗೆಲ್ಲ ಕರಿ ಅಂಟು ಮೆತ್ತಿಕೊಂಡು ಬರುವ ಅವ್ವ ತಲೆ ತಿರುಗಿ ವಾಂತಿ ಮಾಡುತ್ತಿದ್ದಳು. ಪಿತ್ತ ಅನ್ನುತ್ತಿದ್ದಳು.

ಜೊತೆಯ ಹೆಂಗಸರಿಗೆ ನಗೆ. "ಯಾಕಬೇ ಯಕ್ಕಾ, ಈ ವಯಸ್ಸಿನ್ಯಾಗ ಬಸರಾಗೀಯೇನ?"

"ಹೂಂ, ತೊಟ್ಟಲಾ ನೀನ ತಾ."

ಹಸಿ ಎಲೆಯ ವಿಷ ತೊಯ್ದ ಚರ್ಮದಿಂದ ಮೈಗಿಳಿಯುತ್ತದೆಂದು ನಾನು ಓದಿ ತಿಳಿದಿದ್ದೆ. ಹೋದ ವರ್ಷ ಅಪ್ಪನ ಜೊತೆ ಜಗಳಾಡಿ ಶಿಗ್ಗಾಂವಿಯಿಂದ ಕುಡಿ ಸುಡುವ ಔಷಧಿ ತರಿಸಿದೆ. ಕೈಗವಸು ಹಾಕಿ, ನೀರಿಗೆ ಬೆರೆಸಿ, ಗಿಡದ ನೆತ್ತಿಯಿಂದ ಕಾಂಡಗುಂಟ ಇಳಿಬಿಟ್ಟೆ. ಮರುದಿನ ಕುಡಿಗಳು ಕರ್ರಗೆ ಸುಟ್ಟಿದ್ದವು. ಅವ್ವ ಬದುವಿನ ಮೇಲೆ ಕುಳಿತು ಚಹಾ ಕುಡಿದಳು. ಆ ವಾರ ವಾಂತಿಯಿಲ್ಲ.

ಆದರೆ ಗಾಳಿಗೆ ವಾಲಿದ ಗಿಡಗಳಲ್ಲಿ ಔಷಧಿ ಒಂದೇ ಮಗ್ಗುಲಿಗೆ ಹರಿದಿತ್ತು. ಇನ್ನೊಂದು ಮಗ್ಗುಲಲ್ಲಿ ಕುಡಿ ಗೇಣುದ್ದ ಬೆಳೆದದ್ದು ಅವ್ವನ ಕಣ್ಣಿಗೆ ಬಿತ್ತು. ನಸುಕಿನಲ್ಲೇ ಸೆರಗು ಬಿಗಿದು ಹೊರಟಳು.

"ಇಬ್ಬನಿ ಆರಲಿ, ತಡೀಬೇ."

"ಆರೂತನಾ ಕುಂತರ ರೊಟ್ಟಿ ನೀ ಬಡೀತೀಯೇನ?"

ಮಧ್ಯಾಹ್ನ ನಿಲ್ಲಲೂ ಆಗದೆ ಗೋಡೆ ಹಿಡಿದು ಕಾರಿಕೊಂಡಳು. ಈ ಸಲ ಪಿತ್ತ ಅನ್ನಲಿಲ್ಲ.

"ಏನ್ ವಿಷಾ ಹಾಕೀಯವಾ ಹೊಲಕ್ಕ?"

"ಔಷಧೀದಲ್ಲಬೇ, ಎಲೀದು. ಮೊದಲೂ ವಾಂತಿ ಆಗ್ತಿರಲಿಲ್ಲೇನು?"

"ಅದು ಪಿತ್ತ. ಇದು ಬ್ಯಾರೇ."

ಓಣಿಯೆಲ್ಲ ಅವಳನ್ನೇ ನಂಬಿತು. ಆ ಔಷಧಿ ತರಬೇಕೆಂದಿದ್ದವರೂ ಕೈಬಿಟ್ಟರು. "ನಿಮ್ಮವ್ವಗ ಆಗಿ ಬರಂಗಿಲ್ಲ, ಸುಮ್ನಿರು," ಎಂದು ಅಪ್ಪ ಉಳಿದ ಡಬ್ಬಿ ಅಂಗಡಿಗೆ ತಿರುಗಿ ಕೊಟ್ಟ.

ಈ ವರ್ಷ ಮತ್ತೆ ಎಲ್ಲ ಕೈಯಿಂದಲೇ. ನಾನು ಕೊಟ್ಟ ಕೈಗವಸಿನಲ್ಲಿ ಕುಡಿ ಸಿಗುವುದಿಲ್ಲವಂತೆ. ಅದು ಗೂಟಕ್ಕೆ ತೂಗುತ್ತಿದೆ. ಅವ್ವ ತೊಯ್ದು ಬರುತ್ತಾಳೆ, ಬಚ್ಚಲಿಗೆ ಹೋಗಿ ಕಾರಿಕೊಳ್ಳುತ್ತಾಳೆ, ಬಾಯಿ ಮುಕ್ಕಳಿಸಿ ನನ್ನ ಮುಖ ನೋಡುತ್ತಾಳೆ.

"ಅಂಜಬ್ಯಾಡವಾ," ಅನ್ನುತ್ತಾಳೆ, "ಇದು ಬರೇ ಪಿತ್ತ."