ಗಿರಣಿ ಅತ್ತಿಯ ಇಂಟರ್‌ವ್ಯೂ ಪಾಠ

ನಮ್ಮತ್ತಿಯ ಹುಬ್ಬುಗಳು ಒಂದು ಕಾಲಕ್ಕೆ ಕಪ್ಪಗೇ ಇದ್ದವಂತೆ. ನಾನು ನೋಡಿದ್ದು ಮಾತ್ರ ಬೆಳ್ಳಗೆ. ಖಾನಾಪುರದ ಪೇಟೆಯ ಹಿಂದಿನ ಓಣಿಯಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ಮುಂಜಾನೆ ಶುರು ಮಾಡಿದಳೆಂದರೆ ಜೋಳ, ಗೋಧಿ, ಅಕ್ಕಿ ಎಲ್ಲದರ ಧೂಳೂ ಆ ಹುಬ್ಬಿನ ಮೇಲೇ ಬಂದು ಕೂರುತ್ತಿತ್ತು. ಸಿಟ್ಟಿನಿಂದ ಹುಬ್ಬು ಗಂಟಿಕ್ಕಿದರೆ ಹಿಟ್ಟು ಉದುರುತ್ತಿತ್ತು. ಅದನ್ನು ಕಂಡ ಗಿರಾಕಿಗಳು ತೆಪ್ಪಗೆ ಸಾಲಿಗೆ ನಿಲ್ಲುತ್ತಿದ್ದರು.

ಅಪ್ಪನ ಅಕ್ಕ ಅವಳು. ಮದುವೆಯಾಗಿರಲಿಲ್ಲ. ಹಾಗಂತ ನೋಡಲು ಬಂದವರೇನೂ ಕಡಿಮೆಯಲ್ಲ. ಕಣಕುಂಬಿಯಿಂದ ಬೈಲಹೊಂಗಲದ ತನಕ ಗಂಡಿನವರು ಬಂದು ನಮ್ಮ ಮನೆಯ ಅವಲಕ್ಕಿ ತಿಂದು ಹೋಗಿದ್ದರು. ಒಬ್ಬರಿಗೆ ಬಣ್ಣ ಕಡಿಮೆಯಾಯಿತು, ಒಬ್ಬರಿಗೆ ಎತ್ತರ ಹೆಚ್ಚಾಯಿತು, ಇನ್ನೊಬ್ಬರಿಗೆ ದನಿಯೇ ಜೋರಾಯಿತು. ಕಡೆಗೆ ಎರಡನೇ ಸಂಬಂಧದವನೊಬ್ಬ ಬಂದ. ಅವನ ತಾಯಿ, ಒಂದು ಹಾಡು ಹೇಳು ಅಂದಳಂತೆ. ಇವಳು, "ಹೇಳ್ತೀನ್ರಿ. ಮೊದಲ ನೀವ ಹೇಳ್ರಿ, ಮೊದಲಿನಾಕಿ ಯಾಕ ಬಿಟ್ಟ ಹೋದ್ಲು?" ಅಂದಳಂತೆ. ಅವರ ಚಹಾ ಬಸಿಯಲ್ಲೇ ಉಳಿಯಿತು. ಆಮೇಲೆ ಇವಳು ಅಜ್ಜನ ಗಿರಣಿ ನೋಡಿಕೊಂಡು ಉಳಿದಳು.

ನಾನು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿದ್ದೆ. ಬೇರೆಯವರ ರಕ್ತ ತೆಗೆಯಲು ಕೈ ನಡುಗುತ್ತಿರಲಿಲ್ಲ. "ನಿಮ್ಮ ಬಗ್ಗೆ ಹೇಳ್ರಿ" ಅಂದರೆ ಮಾತ್ರ ನನ್ನ ರಕ್ತವೇ ಇಳಿದುಹೋಗುತ್ತಿತ್ತು. ಬೆಳಗಾವಿಯಲ್ಲಿ ಹೋದ ಕಡೆಯೆಲ್ಲ ಬಾಯಿ ಕಟ್ಟಿ, ಕಣ್ಣೀರು ತುಂಬಿಕೊಂಡು ಎದ್ದು ಬಂದಿದ್ದೆ. ಮಹಾಂತೇಶ ನಗರದ ಒಂದು ಲ್ಯಾಬಿನಿಂದ ಇಂಟರ್‌ವ್ಯೂಗೆ ಕರೆ ಬಂದಾಗ ಅಪ್ಪ ಖಡಕ್ಕಾಗಿ ಹೇಳಿದ: "ಇದ ಕಡೀದು ನೋಡ. ಇದೂ ಆಗಲಿಲ್ಲಂದ್ರ ಲೋಂಡಾದವರನ್ನ ಬರ್ರಿ ಅಂತೀನಿ." ಲೋಂಡಾದವರೆಂದರೆ ಗಂಡಿನವರು. ಹುಡುಗ ಫೋಟೋದಲ್ಲಿ ಬೈಕಿನ ಮೇಲೆ ಕೂತಿದ್ದ. ಬೈಕೇನೋ ಚೆನ್ನಾಗಿತ್ತು.

ಅಳುತ್ತ ಅತ್ತಿಯ ಹತ್ತಿರ ಹೋದೆ. "ಇಷ್ಟಕ್ಕ ಅಳ್ತೀಯೇನ ಲೇ?" ಅಂದಳು. "ಇಂಟರ್‌ವ್ಯೂ ಅಂದ್ರ ಮತ್ತೇನು, ಹೆಣ್ಣ ನೋಡೂದು! ನನ್ನಷ್ಟ ಇಂಟರ್‌ವ್ಯೂ ಕೊಟ್ಟಾಕಿ ಈ ತಾಲೂಕಿನ್ಯಾಗ ಯಾರ ಅದಾರ? ನಾಳಿಂದ ಗಿರಣಿಗೆ ಬಾ."

ಪಾಠಕ್ಕೆಂದು ಗಿರಣಿ ನಿಲ್ಲಿಸುವ ಪೈಕಿ ಅಲ್ಲ ಅವಳು. ಕಲ್ಲು ಗರಗರ ತಿರುಗುತ್ತಿರುವಾಗಲೇ ಜೋಳ ಸುರಿಯುತ್ತ, "ಹೆಸರೇನ?" ಎಂದು ಕೂಗುವಳು. ನಾನು ಹೇಳಿದರೆ, "ಬಾಯಾಗೇನ ಹಿಟ್ಟ ತುಂಬಿಕೊಂಡೀಯೇನ? ಜೋರ ಹೇಳ!" ಸಾಲಿನಲ್ಲಿದ್ದ ಹೆಂಗಸರೂ ಬೋರ್ಡಿನ ಮೆಂಬರುಗಳಾದರು. ಒಬ್ಬ ಮರಾಠಿ ಅಜ್ಜಿಯದು ಯಾವಾಗ ಬಂದರೂ ಒಂದೇ ಪ್ರಶ್ನೆ: "ಸ್ವಯಂಪಾಕ ಯೇತೋ ಕಾ ತುಲಾ?" ಅಡುಗೆ ಬರುತ್ತದೇನು ಅಂತ. ಲ್ಯಾಬಿನಲ್ಲಿ ಏನು ಅಡುಗೆ ಮಾಡಲಿ, ನನ್ನ ಕರ್ಮ! ಆದರೂ "ಯೇತೋ!" ಎಂದು ಒದರಿದ ಮೇಲೇ ಅಜ್ಜಿಗೆ ಸಮಾಧಾನ.

"ಅವರ ಅಷ್ಟ ನಿನ್ನ ನೋಡ್ತಾರಂತ ತಿಳೀಬ್ಯಾಡ," ಎನ್ನುತ್ತಿದ್ದಳು ಅತ್ತಿ. "ನೀನೂ ಅವರನ್ನ ನೋಡಾಕ ಹೊಂಟೀದಿ. ತಲಿ ಎತ್ತು."

ಇಂಟರ್‌ವ್ಯೂ ದಿನ ಎದುರಿಗೆ ಕೂತವರು ಇಬ್ಬರು, ವಯಸ್ಸಾದ ಡಾಕ್ಟರು ಮತ್ತು ಎಲ್ಲರೂ ‘ಬಾಯಿ’ ಎಂದು ಕರೆಯುವ ಮ್ಯಾನೇಜರ್ ಹೆಂಗಸು. ಡಾಕ್ಟರು ಹೆಸರು ಕೇಳಿದರು. ನಾನು ಹೇಳಿದೆ. ಹೇಳಿದ್ದೇನು, ಗಿರಣಿ ನಡೆದಿದೆ ಎಂಬಂತೆ ಒದರಿದೆ. ಡಾಕ್ಟರ ಕೈಯಿಂದ ಪೆನ್ನು ಬಿತ್ತು. "ಮೆಲ್ಲಕ ಹೇಳವಾ, ಬಾಜು ರೂಮಿನ್ಯಾಗ ಪೇಶಂಟ್ ಅದಾರ," ಅಂದರು. ಆದರೆ ದನಿ ಬಂದಿತ್ತಲ್ಲ! ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಇವತ್ತು ನಾನು ಉಣ್ಣುವ ಅನ್ನಕ್ಕೆ ಆ ದನಿಯೇ ಕಾರಣ, ಅದನ್ನು ಕೊಟ್ಟವಳು ಅತ್ತಿ.

"ನೀ ಏನರ ಕೇಳೂದು ಐತೇನು?" ಅಂದರು ಬಾಯಿಯವರು.

"ನನಕಿಂತ ಮೊದಲ ಇದ್ದಾಕಿ ಯಾಕ ಬಿಟ್ಟ ಹೋದ್ಲುರಿ?"

ಬಾಯಿಯವರು ಡಾಕ್ಟರ ಮುಖ ನೋಡಿದರು. ಡಾಕ್ಟರು ಕೆಮ್ಮಿ, "ನನ್ನ ಸಿಟ್ಟಿಗೆ," ಅಂದರು. ಬಾಯಿಯವರು ಬಿದ್ದು ಬಿದ್ದು ನಕ್ಕು, "ಖರೇ ಹೇಳಿದ್ರು ನೋಡ! ಸೋಮವಾರದಿಂದ ಬರ್ತೀಯೇನವಾ?" ಅಂದರು.

ನಾನು ಎದ್ದು, ಸೆರಗಿಲ್ಲದಿದ್ದರೂ ವೇಲನ್ನೇ ಸರಿಮಾಡಿಕೊಂಡು, ಗಂಭೀರವಾಗಿ ಹೇಳಿದೆ: "ಮನಿಗೆ ಹೋಗಿ ತಿಳಸ್ತೀನ್ರಿ."

ಅಯ್ಯೋ ದೇವರೇ! ಅವಲಕ್ಕಿ ತಿಂದು ಏಳುವಾಗ ಗಂಡಿನವರು ಹೇಳುವ ಮಾತು ಅದು. ಗಿರಣಿಯಲ್ಲಿ ಅತ್ತಿ ಗಂಡಿನ ತಾಯಿಯ ಹಾಗೆ ಕೈ ಝಾಡಿಸಿ ಎದ್ದು, ಅದನ್ನೇ ಹೇಳಿ ಪಾಠ ಮುಗಿಸುತ್ತಿದ್ದಳು. ನನ್ನ ಬಾಯಿಗೆ ಅದು ತಾನಾಗಿ ಬಂದುಬಿಟ್ಟಿತ್ತು. ಹೊರಗೆ ಬಂದ ಮೇಲೆ ಅರ್ಥವಾಯಿತು. ತಿರುಗಿ ಒಳಗೆ ಹೋಗಲು ನಾಚಿಕೆ. ಬಂದ ನೌಕರಿಯನ್ನು ಕೈಯಾರೆ ಕಳೆದೆನೆಂದು ಖಾನಾಪುರದ ತನಕ ಬಸ್ಸಿನಲ್ಲಿ ಅಳುತ್ತ ಬಂದೆ.

ಅಪ್ಪ ಗಿರಣಿಯ ಮುಂದೆಯೇ ನಿಂತಿದ್ದ. ಆದದ್ದನ್ನು ಕೇಳಿ ಹಣೆ ಬಡಿದುಕೊಂಡ. "ಮುಗೀತಲ್ಲ! ಲೋಂಡಾದವರಿಗೆ ಹೇಳಿಬಿಡ್ತೀನಿ," ಎಂದು ಫೋನ್ ತೆಗೆದ. ಅತ್ತಿ ಮಾತ್ರ ಕಟ್ಟೆಯ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜೀವನವಿಡೀ ಮಂದಿಯ ಬಾಯಿಂದ ಕೇಳಿದ ಮಾತನ್ನು ಕಡೆಗೆ ನಮ್ಮ ಮನೆಯ ಹುಡುಗಿ ಮಂದಿಗೆ ಹೇಳಿ ಬಂದಿದ್ದಳಲ್ಲ!

ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಅದಿರಲಿ. ಆ ಮಂದಿ ನಿನ್ನ ಮನಸಿಗೆ ಬಂದ್ರೇನು?"

ಆ ಪ್ರಶ್ನೆಯನ್ನು ಅವಳಿಗೆ ಯಾರೂ, ಯಾವತ್ತೂ ಕೇಳಿರಲಿಲ್ಲ.

"ಬಂದ್ರು ಅತ್ತಿ."

ಅವಳು ಅಪ್ಪನ ಕೈಯಿಂದ ಫೋನ್ ಕಿತ್ತು ನನಗೆ ಕೊಟ್ಟಳು.

"ಹಂಗಾದ್ರ ಈಗಿಂದೀಗ ಹಚ್ಚು, ಹೂಂ ಅನ್ನು. ತಿಳಸ್ತೀನಿ ಅಂದಮ್ಯಾಲ ತಿಳಸಬೇಕು ಯವ್ವಾ. ಬಾಗಲಾ ನೋಡಕೊಂತ ಕುಂದ್ರೂದು ಭಾಳ ಕೆಟ್ಟ."