ಬಾರಿಹಣ್ಣಿನ ಜೊತೆ ಸುರಿದ ಹಳದಿ ಗಾಡಿ

ನಾವು ಮರಾಠಿ ಸೀಮೆಯ ವಾಕಡದ ಫ್ಲ್ಯಾಟಿಗೆ ಬಂದ ಹೊಸದರಲ್ಲಿ ಎತ್ತ ನೋಡಿದರೂ ಮಣ್ಣು ತೋಡುತ್ತಿದ್ದರು. ನನ್ನ ಮೊಮ್ಮಗಳಿಗೆ ಆಗ ಏಳು ವರ್ಷ. ಶಾಲೆಯಿಂದ ಬಂದವಳೇ ಗ್ಯಾಲರಿಯಲ್ಲಿ ನಿಂತು, ಹಳದಿ ಯಂತ್ರ ಸೊಂಡಿಲು ಬಗ್ಗಿಸಿ ಮಣ್ಣು ಎತ್ತುವುದನ್ನೇ ನೋಡುತ್ತಿದ್ದಳು. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಅಂಥದೇ ಆಟಿಕೆ ಬೇಕೆಂದು ತಾಯಿಗೆ ಗಂಟು ಬಿದ್ದಿದ್ದಳು.

"ಅದು ಹುಡುಗೂರ ಸಾಮಾನು," ಎಂದುಬಿಟ್ಟಳು ನನ್ನ ಸೊಸೆ.

ಟಿವಿಯಲ್ಲೂ ಹಾಗೆಯೇ. ಕಾರ್ಟೂನಿನ ನಡುವೆ ಬರುವ ಜಾಹೀರಾತಿನಲ್ಲಿ ಗಾಡಿ ಓಡಿಸುವವರೆಲ್ಲ ಗಂಡುಹುಡುಗರು. ಹುಡುಗಿಯರು ಆಮೇಲೆ ಬಂದು ಗೊಂಬೆಯ ತಲೆ ಬಾಚುತ್ತಿದ್ದರು. ದಿನವಿಡೀ ಬಾಚಿದರೂ ಆ ಗೊಂಬೆಗೆ ಜಡೆ ಮಾತ್ರ ಆಗುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಭೇದ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಹುಡುಗರಿಗೆ ಚಿಣಿಫಣಿಯ ಕೋಲು, ನಮಗೆ ಕೂತು ಆಡುವ ಆಣಿಕಲ್ಲು. ಆದರೆ ಕಲ್ಲಿಗೆ ಗುಲಾಬಿ ಬಣ್ಣ ಹಚ್ಚಿ ಯಾರೂ ಮಾರಿರಲಿಲ್ಲ.

ಆ ವರ್ಷ ಸಂಕ್ರಾಂತಿಗೆ ಸಣ್ಣ ಮೊಮ್ಮಗನಿಗೆ ಕರಿ ಎರೆಯಬೇಕಾಗಿತ್ತು. ಕೂಸಿಗೆ ಕಪ್ಪು ಅಂಗಿ, ಕುಸುರೆಳ್ಳಿನ ಸರ ಹಾಕಿ ಮಣೆಯ ಮೇಲೆ ಕೂರಿಸಿ, ಚುರುಮುರಿ, ಬಾರಿಹಣ್ಣು, ಕಬ್ಬಿನ ತುಂಡು ತಲೆಯ ಮೇಲಿಂದ ಸುರಿಯುವುದು. ಕೆಳಗೆ ಬಿದ್ದದ್ದನ್ನು ಸುತ್ತ ಕುಳಿತ ಮಕ್ಕಳು ಕಸಿದುಕೊಳ್ಳುವುದು. ಬಂದ ಮಕ್ಕಳಿಗೆಂದು ಸೊಸೆ ಚಿಲ್ಲರೆ ಆಟಿಕೆಗಳನ್ನೂ ತಂದು ಎರಡು ತಟ್ಟೆಗಳಲ್ಲಿ ಇಟ್ಟಿದ್ದಳು. ಒಂದರಲ್ಲಿ ಗುಲಾಬಿ ಬಾಚಣಿಕೆ, ಕನ್ನಡಿ. ಇನ್ನೊಂದರಲ್ಲಿ ಗಾಡಿಗಳು. ಅವುಗಳಲ್ಲಿ ಅಂಗೈಯಷ್ಟು ದೊಡ್ಡ ಹಳದಿ ಯಂತ್ರವೂ ಒಂದಿತ್ತು.

ಹುಡುಗಿ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದಳು. "ಅಜ್ಜಿ, ಅದನ್ನ ನನಗ ತಗದಿಡು."

"ನಾ ಯಾಕ ತಗದಿಡ್ಲಿ? ನಿನಗ ಕೈ ಇಲ್ಲೇನು?"

ಮುಖ ಊದಿಸಿಕೊಂಡು ಹೋದಳು.

ಎರೆಯುವವಳು ನಾನು. ದೊಡ್ಡ ಬೋಗುಣಿಯಲ್ಲಿ ಚುರುಮುರಿ ಕಲೆಸುವಾಗ ಎರಡೂ ತಟ್ಟೆಗಳನ್ನು ಅದರಲ್ಲೇ ಬೋರಲು ಹಾಕಿದೆ. ಸೊಸೆ ಓಡಿ ಬಂದಳು.

"ಅತ್ಯಾ! ಅವು ಆಮ್ಯಾಲೆ ಹಂಚಲಿಕ್ಕೆ ಇಟ್ಟೀನ್ರಿ!"

"ಕರಿ ಎರಿಯೂದಂದ್ರ ಹಂಚೂದಲ್ಲವಾ. ಬಿದ್ದದ್ದು ಆರಿಸ್ಕೊಳ್ಳೂದು."

ಸುರಿದೆ. ಕೂಸು ಬೆದರಿ ಬಾಯಿ ತೆರೆಯಿತು. ಅಳುವ ಮೊದಲು ಬಾರಿಹಣ್ಣು ಕಂಡು ಬಾಯಿಗೆ ಹಾಕಿಕೊಂಡಿತು. ಮಕ್ಕಳು ಮುಗಿಬಿದ್ದರು. ಹಳದಿ ಗಾಡಿ ಪುಟಿದು ದಿವಾನದ ಕೆಳಗೆ ಹೋಯಿತು. ನನ್ನ ಮೊಮ್ಮಗಳು ಹೊಸ ಪರಕಾರ ಉಟ್ಟವಳು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೊಕ್ಕಳು. ಹೊರಗೆ ಬಂದಾಗ ತಲೆಯ ತುಂಬ ಜೇಡರ ಬಲೆ, ಎರಡೂ ಕೈಯಲ್ಲಿ ಗಾಡಿ.

ಪಕ್ಕದ ಮನೆಯ ಮರಾಠಿ ಹೆಂಗಸಿನ ಮಗನಿಗೆ ಸಿಕ್ಕಿದ್ದು ಗುಲಾಬಿ ಕನ್ನಡಿ. "ಅಹೋ ಆಜಿ, ಹೇ ಕಾಯ ಕೇಲಂತ?" ಇದೇನು ಮಾಡಿಬಿಟ್ಟಿರಿ ಎಂದು ಆಕೆ ನನ್ನನ್ನು ಕೇಳಿದಳು. ಸೊಸೆಗೆ ನಾಚಿಕೆಯಾಯಿತು. "ಆ ಗಾಡಿ ಅವಗ ಕೊಡು, ನೀ ಕನ್ನಡಿ ತಗೋ," ಎಂದು ಮಗಳಿಗೆ ಕಣ್ಣು ಬಿಟ್ಟಳು. ಹುಡುಗಿ ಗಾಡಿಯನ್ನು ಮುಂದೆಯೂ ಚಾಚಿದಳು.

ಆದರೆ ಆ ಹುಡುಗ ಕನ್ನಡಿ ಬಿಟ್ಟರೆ ತಾನೇ? ಕಿಟಕಿಯ ಬಿಸಿಲು ಹಿಡಿದು ತನ್ನ ತಾಯಿಯ ಕಣ್ಣಿಗೇ ಹೊಡೆಯುತ್ತಿದ್ದ. ಆಕೆ ಮುಖ ತಿರುಗಿಸಿದತ್ತ ಬೆಳಕು ಹೋಗುತ್ತಿತ್ತು. "ನಾಹೀ ದೇಣಾರ!" ಕೊಡುವುದಿಲ್ಲವೆಂದು ಕನ್ನಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಲೂಟಿ ಮಾಡಿದ್ದನ್ನು ತಿರುಗಿ ಕೊಡುವ ಪದ್ಧತಿ ನಿಮ್ಮಲ್ಲುಂಟೇ ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಆಕೆ ನಕ್ಕುಬಿಟ್ಟಳು. ಸೊಸೆಯೂ ನಗಲೇಬೇಕಾಯಿತು.

ಎಲ್ಲರೂ ಹೋದ ಮೇಲೆ ಚುರುಮುರಿ ಬಳಿಯಲು ಕಸಬರಿಗೆ ತಂದೆ. ಹುಡುಗಿ ಅಡ್ಡ ಕುಳಿತಳು.

"ತಡಿ ಅಜ್ಜಿ, ಇಲ್ಲಿ ಕೆಲಸ ನಡದದ."

ಆ ಸೊಂಡಿಲಿಗೆ ಒಂದು ಸಲಕ್ಕೆ ನಾಲ್ಕು ಕಾಳು ಬಂದರೆ ಹೆಚ್ಚು. ನಾನು ಚಹಾ ಕುಡಿದು ಬಂದೆ. ಅರ್ಧ ನೆಲವೂ ಆಗಿರಲಿಲ್ಲ. ಕಡೆಗೆ ಉಳಿದದ್ದನ್ನು ನಾನೇ ಗುಡಿಸಿದೆ, ಅವಳ ಗಾಡಿಗೆ ದಾರಿ ಬಿಟ್ಟು.