ಹನ್ನೊಂದು ಎಂದು ಬರೆದ ಏಳು ಕಿಲೋಮೀಟರ್

ನಮ್ಮ ಪ್ರಾಂತ್ಯದಲ್ಲಿ ಮಂತ್ರಿಗಳಿಗಿಂತ ಮೊದಲು ಊರಿಗೆ ಬರುವವನು ನಾನು. ಅವರ ಕಾರಿನ ಹೊಟ್ಟೆಗೆ ಕಲ್ಲು ತಾಗದ ಹಾಗೆ ಮಣ್ಣುರಸ್ತೆ ಹೆರೆದು ಸಮ ಮಾಡುವ ಹಳದಿ ಗ್ರೇಡರ್ ಇದೆಯಲ್ಲ, ಅದರ ಚಾಲಕ. ಹೆಸರು ವುಯಿಸಿಲೆ, ಭೆಲೆ ಕುಲದವನು. ಟ್ರಾನ್ಸ್‌ಕೈ ಎಂಬುದು ಹೆಸರಿಗೊಂದು ದೇಶವಾಗಿದ್ದ ಕಾಲದಲ್ಲಿ, ಬಿಳಿಯರ ಸರ್ಕಾರ ನಮಗೇ ನಮ್ಮನ್ನು ದಾನ ಕೊಟ್ಟಿದ್ದಾಗ, ಸಲಿಕೆ ಹಿಡಿದು ಕೆಲಸಕ್ಕೆ ಸೇರಿದೆ. ಆಮೇಲೆ ಸ್ವಾತಂತ್ರ್ಯ ಬಂತು, ನಾವು ಈಸ್ಟರ್ನ್ ಕೇಪ್ ಪ್ರಾಂತ್ಯವಾದೆವು. ನನ್ನ ಕೆಲಸದ ಅಂಗಿಯ ಬೆನ್ನ ಮೇಲಿನ ಅಕ್ಷರಗಳು ಬದಲಾದವು. ಅಂಗಿಯೊಳಗಿನ ಮನುಷ್ಯ ಮಾತ್ರ ಅದೇ ಸೋಮಾರಿಯಾಗಿ ಉಳಿದ.

ಗ್ರೇಡರ್ ಸದ್ದು ಕೇಳಿದರೆ ನಮ್ಮ ಕಡೆಯ ಜನ ಕೇಳುವುದು ಎರಡೇ ಪ್ರಶ್ನೆ. "ಯಾರು ಬರ್ತಾರೆ?" ಇಲ್ಲದಿದ್ದರೆ, "ಯಾವ ದೊಡ್ಡೋರು ಸತ್ರು?" ರಸ್ತೆ ಕೆಟ್ಟಿದೆ, ಅದಕ್ಕೇ ಬಂದಿರಬಹುದು ಎಂದು ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೊಳೆದಿಲ್ಲ. ನಾನು ಹೆರೆದುಹೋದ ವಾರವೇ ಮದುವೆ ಇಟ್ಟುಕೊಳ್ಳುವ ಊರುಗಳಿವೆ, ಮದುಮಗಳ ಕಾರು ಅಂಗಳದವರೆಗೆ ಬರಲಿ ಎಂದು. ಹೀಗೆ ಎಷ್ಟು ಮದುವೆ ಮಾಡಿಸಿದ್ದೇನೋ ಲೆಕ್ಕವಿಲ್ಲ. ಊಟಕ್ಕೆ ಕರೆದವರು ಮೂವರು.

ನನ್ನ ಅಕ್ಕನನ್ನು ಕೊಟ್ಟ ಊರು ಎಂತಬೆನಿ. ಡಾಂಬರು ರಸ್ತೆಯಿಂದ ಹನ್ನೊಂದು ಕಿಲೋಮೀಟರ್ ಒಳಗೆ, ಬೆಟ್ಟದ ಮೇಲೆ. ನಮ್ಮಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಕುಲದ ಹೆಸರಿನಲ್ಲೇ ಕರೆಸಿಕೊಳ್ಳುತ್ತಾರೆ, ಆದ್ದರಿಂದ ಅವಳು ಊರಿಗೆಲ್ಲ ಮಾಂಭೆಲೆ. ಶಾಲೆಯ ಅಡುಗೆಯವಳಾಗಿದ್ದು ನಿವೃತ್ತಿಯಾದವಳು. ನಾನೂರು ಮಕ್ಕಳಿಗೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿದ ಗಂಟಲು. ಹೆಂಡತಿ ತೀರಿಕೊಂಡ ಮೇಲೆ ನನ್ನ ಭಾನುವಾರದ ಊಟ ಅವಳ ಮನೆಯಲ್ಲೇ. ಊಟದ ಮೇಲೆ ಐದು ಚಮಚ ಸಕ್ಕರೆಯ ಚಹಾ, ಅದರ ಮೇಲೆ ಬೈಗುಳ.

"ಊರೂರ ರಸ್ತೆ ಮಾಡ್ತೀಯ, ಅಕ್ಕನ ಮನೆಗೆ ಬರೋವಾಗ ಮಾತ್ರ ಬೂಟು ಕೈಲಿ ಹಿಡ್ಕೊಂಡು ಬರ್ತೀಯ. ನಾಚ್ಕೆ ಆಗಲ್ವ ನಿಂಗೆ?"

"ಆದೇಶ ಬರ್ಬೇಕಲ್ಲಕ್ಕ."

"ನಿನ್ನ ಹುಟ್ಸೋದಕ್ಕೆ ಅಮ್ಮಂಗೆ ಯಾರು ಆದೇಶ ಕೊಟ್ಟಿದ್ರು?"

ಆದರೆ ಆ ವರ್ಷ ಅವಳ ಬೈಗುಳದಲ್ಲಿ ತಮಾಷೆ ಕಡಿಮೆಯಾಗಿತ್ತು. ಸೊಸೆ ಸಿನಾಜೊ ಮತ್ತೆ ಬಸುರಿ. ಅವಳ ಮೊದಲ ಮಗು ಎರಡು ವರ್ಷದ ಹಿಂದೆ ಇದೇ ರಸ್ತೆಯಲ್ಲಿ, ಕೈಗಾಡಿಯಲ್ಲಿ ಮಲಗಿಸಿಕೊಂಡು ಹೋಗುವಾಗ, ಡಾಂಬರು ಮುಟ್ಟುವ ಮೊದಲೇ ಹುಟ್ಟಿ ಉಸಿರಾಡದೆ ಹೋಗಿತ್ತು. ಈ ಸಲ ಏಪ್ರಿಲ್‌ನಲ್ಲಿ ದಿನ. ಅಷ್ಟರೊಳಗೆ ಆಂಬುಲೆನ್ಸು ಮನೆ ಬಾಗಿಲಿಗೆ ಬರುವಂತಾಗಬೇಕು ಎಂದು ಅಕ್ಕ ಹಟ ಹಿಡಿದಳು.

ಸರ್ಕಾರವನ್ನು ಹೇಗೆ ಕರೆಸಬೇಕು ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಿಂದೆ ಹೋರಾಟದಲ್ಲಿ ಎಂಟು ತಿಂಗಳು ಜೈಲಿನಲ್ಲಿದ್ದ ಒಬ್ಬ ಮೇಷ್ಟ್ರ ಸಮಾಧಿ ಊರಲ್ಲಿತ್ತು. ಚರ್ಚಿನ ಹೆಂಗಸರನ್ನು ಸೇರಿಸಿ ಅದಕ್ಕೊಂದು ಕಲ್ಲು ಹಾಕಿಸಿ, ಕಲ್ಲಿನ ಅನಾವರಣಕ್ಕೆ ಪ್ರಾಂತ್ಯದ ರಸ್ತೆ ಮಂತ್ರಿಯನ್ನೇ ಕರೆದಳು. ಚುನಾವಣೆ ಹತ್ತಿರವಿತ್ತು, ಒಪ್ಪಿದರು. ನವೆಂಬರಿನಲ್ಲಿ ನನ್ನ ಕೈಗೆ ಆದೇಶ ಬಂತು: ಎಂತಬೆನಿ, ಹನ್ನೊಂದು ಕಿಲೋಮೀಟರ್. ಮೂವತ್ತೈದು ವರ್ಷದಲ್ಲಿ ಮೊದಲ ಬಾರಿ ಅಕ್ಕನ ಊರಿನ ದಾರಿಗೆ ಗ್ರೇಡರಿನ ಅಲಗು ಇಳಿಸಿದೆ. ಹೆಂಗಸರು ಬದಿಯಲ್ಲಿ ನಿಂತು ಹಾಡಿದರು. ನಾನೇ ಮಂತ್ರಿಯೇನೋ ಎಂಬಂತೆ ಕೈ ಬೀಸಿದೆ.

ಏಳು ಕಿಲೋಮೀಟರ್ ಮುಗಿದು ಹಳ್ಳದ ದಂಡೆಗೆ ಬಂದಿದ್ದೆ. ಮೇಸ್ತ್ರಿ ಬಂಗಾನಿಯ ಫೋನು ಬಂತು.

"ಭೆಲೆ, ಅಲಗು ಎತ್ತು. ಸಾಹೇಬ್ರು ಹೆಲಿಕಾಪ್ಟರಲ್ಲಿ ಬರ್ತಾರಂತೆ. ಮಿಷನ್ನು ತಗೊಂಡು ನಾಳೆ ಬೆಳಗ್ಗೆಗೆ ಕೆಳಗಿನ ಊರಿಗೆ ಹೋಗು, ಅಲ್ಲಿ ಅವರ ಹಿಂಬಾಲಕರ ಕಾರುಗಳು ನಿಲ್ಲೋ ಮೈದಾನ ಸಮ ಮಾಡ್ಬೇಕು."

"ಇನ್ನು ನಾಲ್ಕೇ ಕಿಲೋಮೀಟರ್ ಇದೆಯಲ್ಲೊ. ಹಳ್ಳನೇ ಇರೋದು ಇಲ್ಲಿ!"

"ಹೆಲಿಕಾಪ್ಟರಿಗೆ ಹಳ್ಳ ಏನು ಮಾಡುತ್ತೆ? ಎತ್ತು."

ಎತ್ತಿದೆ. ಮೇಲಿನವರು ಎತ್ತು ಎಂದರೆ ಎತ್ತುವುದು, ಇಳಿಸು ಎಂದರೆ ಇಳಿಸುವುದು. ನನ್ನ ಮತ್ತು ಆ ಅಲಗಿನ ನಡುವೆ ಅಂಥ ವ್ಯತ್ಯಾಸವೇನಿಲ್ಲ. ಇದನ್ನಾದರೂ ಕ್ಷಮಿಸಬಹುದು. ಸಂಜೆ ಮಾಡಿದ್ದು ನನ್ನ ಸ್ವಂತ ಕೆಲಸ.

ನಮಗೊಂದು ದಿನದ ಹಾಳೆ ಇರುತ್ತದೆ. ಎಡಗಡೆ 'ಆದೇಶ', ಬಲಗಡೆ 'ಮುಗಿದದ್ದು'. ಎರಡೂ ಅಂಕಿ ಒಂದೇ ಆದರೆ ಸಹಿ ಹಾಕಿ ಮನೆಗೆ ಹೋಗಬಹುದು. ಬೇರೆಯಾದರೆ ಇನ್ನೊಂದು ಹಾಳೆ ತುಂಬಬೇಕು: ಕೊರತೆಗೆ ಕಾರಣವೇನು, ಇಂಗ್ಲಿಷಿನಲ್ಲಿ, ಮೂರು ಪ್ರತಿ. ಹಸಿವಾಗಿತ್ತು. ರಸ್ತೆ ಇಲಾಖೆಯ ಡಿಪೋ ಬಾಗಿಲಲ್ಲಿ ಕರಿದ ಹಿಟ್ಟಿನುಂಡೆ ಮಾರುವ ಹೆಂಗಸು ಬುಟ್ಟಿ ಕಟ್ಟುತ್ತಿದ್ದಳು. ನಾನು ಹನ್ನೊಂದರ ಎದುರಿಗೆ ಹನ್ನೊಂದು ಬರೆದೆ. ಆರು ಉಂಡೆ ತಿಂದೆ, ಬಿಸಿಯಾಗಿದ್ದವು.

ಮಂತ್ರಿಗಳು ಗಾಳಿಯಿಂದ ಇಳಿದು, ಕಲ್ಲು ಅನಾವರಣ ಮಾಡಿ, ಅಕ್ಕನ ಕೈಯ ಕುರಿಮಾಂಸ ತಿಂದು, ಗಾಳಿಗೆ ಏರಿದರು. ಅಕ್ಕ ನನಗೆ, "ನಿನ್ನ ಕೈಲೇನಿತ್ತು ಬಿಡು. ಉಳಿದ ನಾಲ್ಕಕ್ಕೆ ಕೇಳಿ ನೋಡು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಕೇಳಲು ಹೋಗುವ ಹೊತ್ತಿಗೆ ಫೆಬ್ರವರಿ ಕಳೆದಿತ್ತು. ಡಿಪೋದ ಮೇಲಧಿಕಾರಿ ಮಬಂದ್ಲಾ ಮೇಡಂ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಎಂತಬೆನಿಯ ಗೆರೆ ಗಿಳಿಹಸಿರು, ಅಂದರೆ ಮುಗಿದ ರಸ್ತೆ.

"ಹನ್ನೊಂದಕ್ಕೆ ಹನ್ನೊಂದು ಆಗಿದೆ ಭೆಲೆ. ಸಹಿ ನಿಂದೇ ಇದೆ."

"ಆಗಿರೋದು ಏಳು ಮೇಡಂ. ನಾನು ಸುಮ್ನೆ ಬರೆದೆ."

ಅವರು ಎದ್ದು ಬಾಗಿಲು ಹಾಕಿದರು. "ನೋಡು, ಇದನ್ನ ಸಾಧನೆಗಳ ಪಟ್ಟಿಯಲ್ಲಿ ವಿಧಾನಸಭೆಯಲ್ಲಿ ಓದಿ ಆಗಿದೆ. ಈಗ ನಾನು ಕೆಂಪು ಮಾಡಿದ್ರೆ ವಿಚಾರಣೆ ಬರುತ್ತೆ. ಮೊದಲು ಯಾರ ತಲೆ? ನಿನ್ನ ಪಿಂಚಣಿಗೆ ಎಷ್ಟಿದೆ?"

"ಎರಡು ವರ್ಷ."

"ಹೋಗಿ ಚಹಾ ಕುಡಿ."

ಹೋಗಿ ಚಹಾ ಕುಡಿದೆ. ಭಾನುವಾರ ಅಕ್ಕನಿಗೆ "ಮುಂದಿನ ಪಟ್ಟಿಯಲ್ಲಿ ಇದೆಯಂತೆ" ಎಂದೆ. ಸುಳ್ಳಿಗೆ ಒಮ್ಮೆ ಅಲಗು ಇಳಿಸಿದರೆ ದಾರಿ ಸಲೀಸು.

ಏಪ್ರಿಲ್ ಎರಡನೇ ವಾರ, ಮೂರು ದಿನ ಮಳೆ ಬಿದ್ದು ನಿಂತ ಮಂಗಳವಾರದ ಬೆಳಿಗ್ಗೆ ಸಿನಾಜೊಗೆ ನೋವು ಶುರುವಾಯಿತು. ಅಕ್ಕನ ಮಗ ದೂರದ ಗಣಿಯಲ್ಲಿ. ನಾನು ಇನ್ಯಾವುದೋ ಊರಲ್ಲಿ, ಇನ್ಯಾರದೋ ಉದ್ಘಾಟನೆಗೆ ರಸ್ತೆ ಹೆರೆಯುತ್ತಿದ್ದೆ. ಅಕ್ಕ ಆಂಬುಲೆನ್ಸಿಗೆ ಫೋನು ಮಾಡಿದಳು. ಬಂತು; ಒಂದೂವರೆ ಗಂಟೆಯಲ್ಲೇ ಬಂತು. ಹಳ್ಳದ ಈಚೆ, ನಾನು ಅಲಗು ಎತ್ತಿದ ಗೆರೆಯ ಹತ್ತಿರ ನಿಂತಿತು. ಮುಂದಕ್ಕೆ ಚಕ್ರ ಕದಲಲಿಲ್ಲ.

ನಾಲ್ವರು ಹೆಂಗಸರು ಕೈಗಾಡಿಯಲ್ಲಿ ಹಾಸಿಗೆ ಹಾಕಿ ಅವಳನ್ನು ಕೆಸರಿನಲ್ಲಿ ನಾಲ್ಕು ಕಿಲೋಮೀಟರ್ ತಳ್ಳಿದರು. ಹಳ್ಳದಲ್ಲಿ ಸೊಂಟದ ನೀರಿಗೆ ಇಳಿದು ಹಾಸಿಗೆ ಸಮೇತ ಎತ್ತಿಕೊಂಡರು. ಅಕ್ಕನಿಗೆ ಆಗ ಅರವತ್ತೆಂಟು. ಆಂಬುಲೆನ್ಸಿನ ಬಾಗಿಲು ಹಾಕುವಷ್ಟರಲ್ಲಿ ಮಗು ಹುಟ್ಟಿತು, ಹೆಣ್ಣು, ಅತ್ತಿತು. ಆದರೆ ಸಿನಾಜೊಗೆ ರಕ್ತ ನಿಲ್ಲಲಿಲ್ಲ. ಮೂರು ದಿನ ಡಾಕ್ಟರು ಏನನ್ನೂ ಹೇಳಲಿಲ್ಲ.

ಕಿತ್ತಳೆ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಅಕ್ಕ ಬೆಂಚಿನ ಮೇಲೆ ಕೂತಿದ್ದಳು, ಕಾಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು.

"ವುಯಿಸಿಲೆ, ಒಂದು ಮಾತು ಕೇಳ್ತೀನಿ. ಹಳ್ಳ ದಾಟೋ ದೊಡ್ಡ ಗಾಡಿ ಇದೆಯಂತೆ ಆಸ್ಪತ್ರೆಯಲ್ಲಿ. ಅದನ್ನ ಯಾಕಪ್ಪ ಕಳಿಸ್ಲಿಲ್ಲ ಅಂತ ಡ್ರೈವರ್‌ನ ಕೇಳ್ದೆ. ಎಂತಬೆನಿ ರಸ್ತೆ ಪೂರ್ತಿ ಆಗಿದೆ ಅಂತ ರಸ್ತೆ ಇಲಾಖೆ ಪಟ್ಟಿಯಲ್ಲಿದೆ ಅಜ್ಜಿ, ಅದಕ್ಕೇ ಸಣ್ಣದು ಕಳಿಸಿದ್ರು ಅಂದ. ಯಾರು ಬರೆದಿದ್ದು ಹಾಗೆ?"

ಬಂಗಾನಿ ಎನ್ನಬಹುದಿತ್ತು. ಮೇಡಂ ಎನ್ನಬಹುದಿತ್ತು. ಬಿಳಿಯರ ಕಾಲದಿಂದ ಬಂದ ಪದ್ಧತಿ ಅಕ್ಕ ಎಂದು ಇತಿಹಾಸದ ಮೇಲೂ ಹಾಕಬಹುದಿತ್ತು, ನಮ್ಮಲ್ಲಿ ಅದು ಎಷ್ಟು ಹಾಕಿದರೂ ಹೊರುತ್ತದೆ.

"ನಾನೇ" ಎಂದೆ.

"ಯಾಕೆ?"

"ಇನ್ನೊಂದು ಹಾಳೆ ತುಂಬ್ಬೇಕಿತ್ತು. ಹಸಿವಾಗಿತ್ತು."

ಅಕ್ಕ ಕಿತ್ತಳೆ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. "ತಿನ್ನು. ಹಸಿವಾಗಿರತ್ತೆ" ಎಂದಳು. ಆ ಹೊತ್ತು ನನಗಾದ ನಾಚಿಕೆಯನ್ನು ಇವತ್ತಿಗೂ ನೆನೆಸಿಕೊಳ್ಳಲಾರೆ.

ಒಂಬತ್ತು ದಿನಕ್ಕೆ ಸಿನಾಜೊ ಬದುಕಿ ಬಂದಳು. ಮಗುವಿಗೆ ಲಿಲಿತಾ ಎಂದು ಹೆಸರಿಟ್ಟರು, ನಮ್ಮ ಮಾತಿನಲ್ಲಿ ಬೆಳಕಿನ ಕಿರಣ. ಭಾನುವಾರ ಹೋದರೆ ಅಕ್ಕ ಮೊದಲಿನ ಹಾಗೇ ತಟ್ಟೆ ಹಾಕುತ್ತಿದ್ದಳು. ಚಹಾಕ್ಕೆ ಮಾತ್ರ ಸಕ್ಕರೆ ಇರಲಿಲ್ಲ. ಡಬ್ಬಿ ಕಪಾಟಿನ ಮೇಲೆ ಕಾಣುವಂತೆಯೇ ಇತ್ತು. ಕೇಳುವ ಧೈರ್ಯ ನನಗಿರಲಿಲ್ಲ.

ಕೊರತೆಯ ಹಾಳೆ ತುಂಬಲು ನನಗೆ ಎರಡು ದಿನ ಬೇಕಾಯಿತು. ಒಂಬತ್ತು ಹಾಳೆ ಹಾಳು ಮಾಡಿದೆ. ಕೊನೆಗೆ ಕಾರಣದ ಜಾಗದಲ್ಲಿ ಬರೆದದ್ದು ಇಷ್ಟು: 'ಏಳು ಮಾತ್ರ ಮಾಡಿದ್ದೆ. ಈ ಹಾಳೆ ತುಂಬುವುದು ಕಷ್ಟವೆಂದು ಹನ್ನೊಂದು ಎಂದು ಸುಳ್ಳು ಬರೆದೆ.' ಮಬಂದ್ಲಾ ಮೇಡಂ ಓದಿ ಕನ್ನಡಕ ತೆಗೆದರು.

"ಇದನ್ನ ನಾನು ನೋಡ್ಲಿಲ್ಲ. ತಗೊಂಡು ಹೋಗು."

"ಇನ್ನೂ ಎರಡು ಪ್ರತಿ ಇವೆ ಮೇಡಂ. ಒಂದನ್ನ ಆಂಬುಲೆನ್ಸಿನವರಿಗೆ ಕೊಟ್ಟು ಬಂದೆ."

ಅವರು ಮೇಜಿನ ಖಾನೆಯಿಂದ ಮುದ್ರೆ ತೆಗೆದರು. "ನಮ್ಮೂರ ರಸ್ತೆನೂ ಹಸಿರೇ ಭೆಲೆ" ಎಂದರು ಮೆಲ್ಲಗೆ. "ಅಮ್ಮನ್ನ ನೋಡೋಕೆ ಹೋಗ್ಬೇಕಾದ್ರೆ ಕಾರು ಚರ್ಚಿನ ಹತ್ರ ಬಿಟ್ಟು ನಡೀತೀನಿ." ಆಮೇಲೆ ಮುದ್ರೆ ಒತ್ತಿದರು.

ವಿಚಾರಣೆ ಆರು ತಿಂಗಳು ನಡೆಯಿತು. ಮೂವತ್ತೈದು ವರ್ಷದಲ್ಲಿ ಕೊಟ್ಟ ಸುಳ್ಳು ಅಂಕಿಗಳ ಬಗ್ಗೆ ಯಾರೂ ಕೇಳಲಿಲ್ಲ; ಒಂದು ನಿಜದ ಅಂಕಿಗೆ ಹದಿನಾಲ್ಕು ಪ್ರಶ್ನೆ ಕೇಳಿದರು. ಪಿಂಚಣಿ ಮುಟ್ಟಲಿಲ್ಲ, ಗ್ರೇಡರ್ ಕಿತ್ತುಕೊಂಡರು. ಈಗ ನಾನು ರಿಪೇರಿಯ ಜಾಗದಲ್ಲಿ ಬಾವುಟ ಹಿಡಿದು ನಿಲ್ಲುವವನು. ನನಗಿಂತ ಮೂವತ್ತು ವರ್ಷ ಚಿಕ್ಕವಳೊಬ್ಬಳು ನನ್ನ ಯಂತ್ರದ ಮೇಲೆ ಕೂತು ಹಾದುಹೋಗುತ್ತಾಳೆ. "ತಾತಾ, ಬಿಸಿಲಿಗೆ ಟೋಪಿ ಹಾಕ್ಕೊ" ಎನ್ನುತ್ತಾಳೆ. ನನಗಿಂತ ಚೆನ್ನಾಗಿ ಓಡಿಸುತ್ತಾಳೆ, ಅದೇ ಕಷ್ಟ.

ಕಳೆದ ಫೆಬ್ರವರಿಯಲ್ಲಿ ಅಕ್ಕನ ಮನೆಯಲ್ಲಿ ರೇಡಿಯೊ ಕೇಳುತ್ತಾ ಕೂತಿದ್ದೆವು. ಪ್ರಾಂತ್ಯದ ವರ್ಷದ ವರದಿ. ಲಿಲಿತಾ ಅಜ್ಜಿಯ ಬೆನ್ನಿಗೆ ಕಟ್ಟಿದ ಕಂಬಳಿಯಲ್ಲಿ ನಿದ್ದೆ ಮಾಡುತ್ತಿದ್ದಳು. ಮೊದಲು ಸಾಧನೆಗಳು: ಇಷ್ಟು ಮನೆಗೆ ಕರೆಂಟು, ಇಷ್ಟು ನಲ್ಲಿ, ಮಣ್ಣಿನ ಗೋಡೆಯ ಶಾಲೆ ಹೋಗಿ ಇಟ್ಟಿಗೆಯದು ಇಷ್ಟು.

ಬೇಸರವಾಗಿ ನಾನು "ಬರೀ ಬೊಗಳೆ" ಎಂದೆ.

"ಸುಮ್ನಿರು" ಅಂದಳು ಅಕ್ಕ. "ಆ ಇಟ್ಟಿಗೆ ಶಾಲೆಯಲ್ಲಿ ನಾನು ಹನ್ನೆರಡು ವರ್ಷ ಅಡುಗೆ ಮಾಡಿದೀನಿ. ಕರೆಂಟಿಲ್ದೆ ಈ ರೇಡಿಯೊ ನಿನ್ನ ಮಾತು ಕೇಳ್ಕೊಂಡು ಹಾಡ್ತಿದೆಯಾ?"

ಆಮೇಲೆ ಉಳಿದಿರುವ ಸವಾಲುಗಳು ಬಂದವು. ಜಿಲ್ಲೆ ಜಿಲ್ಲೆಯಾಗಿ ಓದುತ್ತಾ ಬಂದರು. ಎಷ್ಟೋ ಸೇತುವೆ, ಎಷ್ಟೋ ಒಣಗಿದ ನಲ್ಲಿ. ನಡುವೆ ಒಂದೇ ಉಸಿರಿಗೆ, "ಎಂತಬೆನಿ ಹಳ್ಳದ ರಸ್ತೆ, ನಾಲ್ಕು ಕಿಲೋಮೀಟರ್."

ಅಕ್ಕ ಎದ್ದು ನಿಂತು, ಮದುವೆ ಮನೆಯಲ್ಲಿ ಹಾಕುವ ಹಾಗೆ ನಾಲಿಗೆ ಆಡಿಸಿ ಕೇಕೆ ಹಾಕಿದಳು. ಪಕ್ಕದ ಮನೆಯಿಂದ ಇನ್ನೊಂದು ಕೇಕೆ ಬಂತು. ಮಗು ಎದ್ದು ಅತ್ತಿತು. ಅಕ್ಕನ ಊರು ಸವಾಲಾಗಿತ್ತು. ಸವಾಲಾದ ಮೇಲೆ ಆಸ್ಪತ್ರೆಯವರು ಅಲ್ಲಿಗೆ ದೊಡ್ಡ ಗಾಡಿಯನ್ನೇ ಕಳಿಸುತ್ತಾರೆ. ಈಗಾಗಲೇ ಎರಡು ಸಲ ಹಳ್ಳ ದಾಟಿ ಬಂದಿದೆ, ಒಮ್ಮೆ ಮುದುಕನೊಬ್ಬನಿಗೆ, ಒಮ್ಮೆ ಹಾವು ಕಡಿದ ಹುಡುಗಿಗೆ. ಇಬ್ಬರೂ ಇದ್ದಾರೆ.

ಅಕ್ಕ ಮಗುವನ್ನು ಬಿಚ್ಚಿ ನನ್ನ ತೊಡೆಯ ಮೇಲೆ ಕೂರಿಸಿದಳು. "ಹಿಡ್ಕೊ. ಬೀಳಿಸ್ಬೇಡ" ಎಂದಳು. ಆಮೇಲೆ ಕಪಾಟಿನ ಮೇಲಿನ ಸಕ್ಕರೆ ಡಬ್ಬಿ ಇಳಿಸಿ, ಎಷ್ಟು ಎಂದು ಕೇಳದೆ, ನನ್ನ ಲೋಟಕ್ಕೆ ಐದು ಚಮಚ ಹಾಕಿದಳು.